ಅತ್ತೆಗೆ ಹೊಂದದ ಇಂಗ್ಲಿಷ್ ಪದ

ಗಂಜಿ ಹಾಕಿದ ನೂಲು ಬಿಸಿಲಿಗೆ ಒಣಗುವಾಗ ಒಂದು ಹುಳಿ ವಾಸನೆ ಏಳುತ್ತದೆ. ಮೊನ್ನೆ ಇಳಕಲ್ಲಿನಲ್ಲಿ ಬಸ್ಸಿಳಿದು ಸೋದರತ್ತೆಯ ಓಣಿಗೆ ತಿರುಗಿದಾಗ ಅದು ಮೂಗಿಗೆ ತಾಗಿತು. ಕೂಡಲೇ ‘ಆಬ್‌ಸ್ಟಿನೇಟ್’ ಎಂಬ ಪದ ನೆನಪಾಯಿತು. ನಗಬೇಡಿ. ನನ್ನ ತಲೆಯಲ್ಲಿ ಅವೆರಡೂ ಒಂದೇ ಗೂಟಕ್ಕೆ ತೂಗುಬಿದ್ದಿವೆ.

ಕಾಲೇಜಿನಲ್ಲಿ ನಾನು ಚರ್ಚಾಪಟು. ದೇವರಿಂದ ಹಿಡಿದು ಹಾಸ್ಟೆಲ್ ಸಾರಿನವರೆಗೆ ಎಲ್ಲವನ್ನೂ ಅನುಮಾನಿಸುತ್ತಿದ್ದೆ, ನನ್ನೊಬ್ಬಳನ್ನು ಬಿಟ್ಟು. ಬಾಗಲಕೋಟೆಯ ಸ್ಪರ್ಧೆಗೆ ಉಡಲೆಂದು ಅತ್ತೆ ನನಗೊಂದು ಸೀರೆ ನೇಯುತ್ತಿದ್ದಳು. ಇಳಕಲ್ಲಿನ ಸೀರೆಗೆ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಂದೊಂದಕ್ಕೂ ಕೊಂಡಿ ಹಾಕಿ ಕೂಡಿಸಬೇಕು. ಇನ್ನೆರಡೇ ದಿನ ಇದ್ದಾಗ, ಸೆರಗು ಗೇಣುದ್ದ ನೇಯ್ದ ಮೇಲೆ, ಒಂದು ಕೊಂಡಿ ತಪ್ಪಿದ್ದು ಅವಳಿಗೆ ಕಂಡಿತು. ಬಿಚ್ಚಿದರೆ ಸೀರೆ ಸ್ಪರ್ಧೆಗೆ ಸಿಗುವುದಿಲ್ಲ.

ನಾನು ವಾದಕ್ಕಿಳಿದೆ. “ಅತ್ತಿ, ಸ್ಟೇಜಿನ ಮ್ಯಾಲೆ ಒಂದು ಎಳಿ ಯಾರಿಗೆ ಕಾಣತೈತಿ?”

“ಯಾರಿಗೂ ಕಾಣಂಗಿಲ್ಲ.”

“ಸೀರಿ ಹರಿತೈತೇನು?”

“ಇಲ್ಲವಾ, ನಿನ್ನ ಮೊಮ್ಮಕ್ಕಳ ತನಕ ಬರತೈತಿ.”

“ಮತ್ತ?”

“ಮತ್ತೇನು, ನೀ ಗೆದ್ದಿ. ಆ ಕತ್ತರಿ ಕೊಡು.”

ಹಳೆಯ ಸೀರೆ ಉಟ್ಟು ಹೋದೆ. ಎರಡನೇ ಬಹುಮಾನ ಬಂತು, ಸಿಟ್ಟು ಇಳಿಯಲಿಲ್ಲ. ಪದಗಳ ನೋಟ್‌ಬುಕ್ಕಿನಲ್ಲಿ ‘ಆಬ್‌ಸ್ಟಿನೇಟ್’ ಮುಂದೆ ಅತ್ತೆಯನ್ನೇ ಉದಾಹರಣೆಯಾಗಿ ಬರೆದೆ. ಎಷ್ಟು ಕಾರಣ ಕೊಟ್ಟರೂ ಒಪ್ಪದವರು ಎಂದು ಅರ್ಥ. ಬರೆದ ಮೇಲೆ ಅನುಮಾನ ಹತ್ತಿತು: ಅವಳು ಎಲ್ಲವನ್ನೂ ಒಪ್ಪಿದ್ದಳಲ್ಲ? ಸೋತೆನೆಂದು ಹೇಳಿಯೇ ಬಿಚ್ಚಲು ಕೂತವಳಿಗೆ ಯಾವ ಪದ? ನಿಘಂಟಿನಲ್ಲಿ ಹಟಕ್ಕಿರುವ ಬೇರೆ ಪದಗಳನ್ನೂ ಹುಡುಕಿದೆ. ಎಲ್ಲವೂ ನನ್ನ ಅಳತೆಗೇ ಹೊಲಿದಂತಿದ್ದವು.

ಮೊನ್ನೆ ಅತ್ತೆ ಮಗ್ಗದ ಮುಂದೆಯೇ ಇದ್ದಳು. ಕಣ್ಣಿಗೆ ಪೊರೆ ಬರುತ್ತಿದೆ. “ಕೊಂಡಿ ನೋಡವಾ, ನನಗ ಈಗೀಗ ಮಬ್ಬು.” ಬೆಳಕಿಂಡಿಯಿಂದ ಇಳಿದ ಬಿಸಿಲು ಕೆಂಪು ಸೆರಗಿನ ಮೇಲೆ ನಿಧಾನ ತೇಲುತ್ತಿತ್ತು. ಪಕ್ಕದ ಮನೆಯ ಮಗ್ಗದ ಲಾಳಿ ನಿದ್ದೆಯಲ್ಲಿ ಮಾತಾಡಿದಂತೆ ಒಂದೇ ಸಮ ಸದ್ದು ಮಾಡುತ್ತಿತ್ತು. ಎಳೆಯಿಂದ ಎಳೆಗೆ ಬೆರಳು ಹಾಯಿಸುತ್ತ ಹೋದೆ. ಹೊತ್ತು ಎಲ್ಲಿ ಕರಗಿತೋ. ನಡುವೆ ಒಂದು ತಪ್ಪಿತ್ತು. ನಾನು ಸುಮ್ಮನಿದ್ದರೆ ಅವಳಿಗೆ ತಿಳಿಯುತ್ತಲೇ ಇರಲಿಲ್ಲ.

“ಒಂದು ತಪ್ಪೈತಿ, ಅತ್ತಿ.”

ಅವಳು ಸೆರಗಿನ ಮೇಲೆ ಕೈಯಾಡಿಸಿದಳು. “ಬಿಡು. ನಾಳೆ ಹುನಗುಂದದಿಂದ ಗಿರಾಕಿ ಬರ್ತಾಳ. ಒಂದು ಎಳಿ ಯಾರಿಗೆ ಕಾಣತೈತಿ?”

ನನ್ನದೇ ವಾದ.

“ಯಾರಿಗೂ ಕಾಣಂಗಿಲ್ಲ. ನೀ ಗೆದ್ದಿ,” ಎಂದು ಕೈ ಚಾಚಿದೆ.

ಅತ್ತೆ ಮೊಣಕಾಲ ಕೆಳಗಿನಿಂದ ಕತ್ತರಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. “ಹಂಗಾರ ನೀನ ಬಿಚ್ಚು.”