ಮಣೆಯಲ್ಲಿ ಇಲ್ಲದ ಗುಳಿ

ಮಕ್ಕಳೇ, ನಿಮ್ಮಲ್ಲಿ ದೊಡ್ಡವಳಿಗೆ ಆಗ ಮೂರು ತಿಂಗಳು. ಬಾಣಂತನಕ್ಕೆಂದು ಹಳೇಬೀಡಿನ ನಮ್ಮ ಮನೆಗೆ ಬಂದಿದ್ದ ನಿಮ್ಮಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಆಫೀಸಿನ ಕೆಲಸ ಶುರುಮಾಡಿದ್ದಳು. ಎದೆಬಡಿತದ ಗೆರೆಗಳನ್ನು ಕಾಗದದ ಮೇಲೆ ಮೂಡಿಸುವ ಯಂತ್ರವೊಂದಿತ್ತು. ಕಂಪ್ಯೂಟರ್ ಹೇಳಿದ್ದನ್ನು ಅದಕ್ಕೆ ಮುಟ್ಟಿಸುವ ಪ್ರೋಗ್ರಾಂ ಇವರ ಆಫೀಸಿನದು. ಅದಕ್ಕೆ ಡ್ರೈವರ್ ಎನ್ನುತ್ತಾರಂತೆ. ಪರೀಕ್ಷೆ ಮಾಡುವಾಗ ಯಂತ್ರ ಆಗಾಗ ನಿಂತುಬಿಡುತ್ತಿತ್ತು. ಮೊದಲು ಆ ಪ್ರೋಗ್ರಾಂ ನೋಡಿ ಸರಿಯಿದೆ ಎಂದವಳು ನಿಮ್ಮಮ್ಮನೇ. ಈಗ ಜೊತೆಗೆ ಕೆಲಸ ಮಾಡುವವಳೊಬ್ಬಳು ಅದನ್ನು ತಿದ್ದಿ ಕಳಿಸಿದ್ದಳು. ತಿದ್ದಿದ್ದು ಸರಿಯೋ ಅಲ್ಲವೋ, ಸಂಜೆಯೊಳಗೆ ಇವಳು ಹೇಳಬೇಕಿತ್ತು. ಮತ್ತೆ ತಪ್ಪಿದರೆ, ಮನೆಯಿಂದ ಕೆಲಸ ಮಾಡಿದ್ದು ಸಾಕು, ಆಫೀಸಿಗೆ ಬನ್ನಿ ಎಂದುಬಿಡುತ್ತಾರೆಂಬ ಹೆದರಿಕೆ. ನಿದ್ದೆಗೆಟ್ಟ ಕಣ್ಣಿಗೆ ಎಲ್ಲ ಸಾಲುಗಳೂ ಸರಿಯಾಗಿಯೇ ಕಾಣುತ್ತಿದ್ದವು.

ಮಧ್ಯಾಹ್ನ ಕರೆಂಟ್ ಹೋಯಿತು. ಅರಸೀಕೆರೆಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದಿದ್ದ ಹಾಳೆ ಹಿಡಿದು, ಅಳಗುಳಿ ಮಣೆ ಎಲ್ಲಿ ಎಂದು ಕೇಳಿದಳು. ಅವಳ ಪ್ರೋಗ್ರಾಂನಲ್ಲೂ ಮಣೆಯ ಹಾಗೆ ಹದಿನಾಲ್ಕು ಮನೆಗಳಂತೆ; ಕೊನೆಯದು ಆದಮೇಲೆ ಮತ್ತೆ ಮೊದಲನೆಯದಕ್ಕೆ ಬರಬೇಕಂತೆ. ಅವಳು ಓದುವುದು, ನಾನು ಹುಣಸೆಬೀಜ ಹಾಕುವುದು.

ರಾಗಿ ಅಳೆಯುವಾಗ ನಾವು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಆ ರೂಢಿಯಲ್ಲಿ ಮೊದಲ ಗುಳಿಗೆ "ಲಾಭ" ಎಂದುಬಿಟ್ಟೆ.

"ಲಾಭ ಅಲ್ಲ ಕಣವ್ವ, ಸೊನ್ನೆ. ಇಲ್ಲಿ ಎಣಿಕೆ ಶುರುವಾಗೋದೇ ಸೊನ್ನೆಯಿಂದ."

"ಮೊದಲ್ನೇದಕ್ಕೇ ಸೊನ್ನೆ ಅಂದ್ರೆ ನಿಮ್ಮ ಆಫೀಸು ಉದ್ಧಾರ ಆಯ್ತದೇನೇ?"

ಎಷ್ಟೋ ದಿನದ ಮೇಲೆ ನಕ್ಕಳು.

ಸೊನ್ನೆ, ಒಂದು, ಎರಡು ಎನ್ನುತ್ತಾ ಹೋದೆ. ಕೊನೆಯ ಗುಳಿಗೆ ಹದಿಮೂರು ಬಂತು. ಮುಂದಿನ ಬೀಜಕ್ಕೆ ಹದಿನಾಲ್ಕು. ಹದಿನಾಲ್ಕನ್ನು ಮೀರಿದರೆ ಮಾತ್ರ ಮೊದಲಿಗೆ ಹೋಗಬೇಕು ಎಂದು ಅವಳು ಓದಿದಳು. ಇನ್ನೂ ಮೀರಿರಲಿಲ್ಲ. ನನ್ನ ಕೈ ಮಣೆಯಿಂದಾಚೆ, ಬರಿಯ ನೆಲದ ಮೇಲೆ ನಿಂತಿತು. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು, ನಾನೇ ಎಲ್ಲೋ ತಪ್ಪಿರಬೇಕು ಎಂದುಕೊಂಡು ಗುಳಿಗಳನ್ನು ಮತ್ತೊಮ್ಮೆ ಎಣಿಸಿದೆ. ಆಮೇಲೆ ಮೆಲ್ಲಗೆ ಕೇಳಿದೆ:

"ಇದನ್ನ ಎಲ್ಲಿಗೆ ಹಾಕ್ಲಿ ಮಗಾ? ಇಲ್ಲಿ ಗುಳೀನೇ ಇಲ್ಲ."

ಅವಳು ಹಾಳೆ ನೋಡಿದಳು, ನನ್ನ ಕೈ ನೋಡಿದಳು. ಹದಿಮೂರು ಇರಬೇಕಾದ ಕಡೆ ಹದಿನಾಲ್ಕು ಬರೆದಿತ್ತು. ಇಲ್ಲದ ಗುಳಿಗೆ ಬೀಜ ಹಾಕಲು ಹೋಗಿಯೇ ಆ ಯಂತ್ರ ನಿಲ್ಲುತ್ತಿದ್ದುದು. ತಿದ್ದಿ ಕಳಿಸಿದ್ದನ್ನು ಹಾಗೇ ಒಪ್ಪಿದ್ದರೆ ಮತ್ತೆ ನಿಲ್ಲುತ್ತಿತ್ತು.

ಬಸ್ ಸ್ಟ್ಯಾಂಡಿನ ಫೋನ್ ಬೂತಿಗೆ ಕೂಸನ್ನೆತ್ತಿಕೊಂಡು ನಾನೂ ಹೋದೆ. ತಿದ್ದಿದವಳನ್ನು ನಿಮ್ಮಮ್ಮ ಬೈಯಲಿಲ್ಲ. ಮೊದಲು ನನ್ನ ಕಣ್ಣೂ ತಪ್ಪಿತ್ತು ಎಂದಳು. ಯಾರು ಕಂಡುಹಿಡಿದಿದ್ದು ಎಂದು ಆ ಕಡೆಯಿಂದ ಕೇಳಿರಬೇಕು.

"ನಮ್ಮವ್ವ," ಎಂದಳು.

ನಾನು ಕೂಸಿನ ಟೋಪಿ ಸರಿಮಾಡುತ್ತಾ ಆ ಕಡೆ ತಿರುಗಿಕೊಂಡೆ. ಆಫೀಸಿನವರು ಬನ್ನಿ ಎನ್ನಲಿಲ್ಲ; ದೊಡ್ಡವಳೇ, ನಿನಗೆ ಹಲ್ಲು ಬರುವವರೆಗೂ ನೀನೂ ನಿಮ್ಮಮ್ಮನೂ ನನ್ನ ಹತ್ತಿರವೇ ಇದ್ದಿರಿ.