ಸವೆಸಿದ ಟ್ಯಾಂಕು

ಆ ಬೀದಿಯ ಗ್ಯಾರೇಜುಗಳಲ್ಲಿ ಕನ್ನಡಿ ಮಾಮ ಎಂದರೆ ಗೊತ್ತಿಲ್ಲದವರಿಲ್ಲ. ಮೂವತ್ತೆಂಟು ವರ್ಷ ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕುಗಳಿಗೆ ಬಣ್ಣ ಹೊಡೆದವನು. ಅವನ ಕೈಯಿಂದ ಹೊರಬಂದ ಟ್ಯಾಂಕಿನ ಮುಂದೆ ನಿಂತು ತಲೆ ಬಾಚಿಕೊಳ್ಳಬಹುದು ಎಂದು ಯಾರೋ ತಮಾಷೆ ಮಾಡಿದ್ದು ಹೆಸರಾಗಿಯೇ ನಿಂತುಬಿಟ್ಟಿತು. ಬೆಳಗ್ಗೆ ಕೈಮುಗಿಯದೆ ಬಣ್ಣದ ಗನ್ನು ಮುಟ್ಟುತ್ತಿರಲಿಲ್ಲ. ಹಸಿ ಬಣ್ಣದ ಮೇಲೆ ಒಂದು ಧೂಳಿನ ಕಣ ಕೂತರೂ ಅವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ.

ಮಕ್ಕಳಾಗಲಿಲ್ಲ. ತಮ್ಮನನ್ನೇ ಮಗನ ಹಾಗೆ ಸಾಕಿ, ಕೆಲಸ ಕಲಿಸಿ, ಗ್ಯಾರೇಜನ್ನೂ ಅವನ ಹೆಸರಿಗೇ ಮಾಡಿಸಿದ. ಕಾಗದಪತ್ರವೆಲ್ಲ ನನ್ನ ತಲೆಗೆ ಹತ್ತುವುದಿಲ್ಲ, ನೀನೇ ನೋಡಿಕೋ ಎಂದಿದ್ದ. ಆ ಒಂದು ಮಾತಿಗೆ ಹೆಂಡತಿ ಇವತ್ತಿಗೂ ಚುಚ್ಚುತ್ತಾಳೆ.

ಹೋಟೆಲು ನಡೆಸುವ ಒಬ್ಬ ಗಿರಾಕಿ ಬಂದ. ಎಂಜಿನ್ ಹೊಸದಿರಬೇಕು, ಗಾಡಿ ಮಾತ್ರ ತಾತನ ಕಾಲದ್ದರಂತೆ ಕಾಣಬೇಕು. ತಮ್ಮ ನಕ್ಷೆ ಬರೆದ: ದುಂಡು ಹೆಡ್‌ಲೈಟು, ಸ್ಪ್ರಿಂಗ್ ಸೀಟು, ಕಡ್ಡಿ ಚಕ್ರ, ನೀರ ಹನಿಯ ಆಕಾರದ ಟ್ಯಾಂಕು. ಪಕ್ಕದ ವೆಲ್ಡರು ಚಾಸಿ ಕೂಡಿಸಿಕೊಟ್ಟ. ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಮಾಮ ಟ್ಯಾಂಕಿಗೆ ಕಡು ಹಸಿರು ಬಣ್ಣವನ್ನು ಏಳು ಸಲ ಹೊಡೆದ. ಇಷ್ಟು ಚೆನ್ನಾಗಿ ತನ್ನ ಕೈಯಲ್ಲಿ ಯಾವತ್ತೂ ಕೂತಿರಲಿಲ್ಲ ಎಂದು ಅವನಿಗೇ ಅನ್ನಿಸಿತು.

ಬಣ್ಣ ಒಣಗಿದ ದಿನ ತಮ್ಮ, ಇನ್ನು ಇದನ್ನು ಉಜ್ಜಬೇಕು ಎಂದ. ಗಿರಾಕಿಯ ತಾತ ದಿನಾ ಓಡಿಸಿದ ಗಾಡಿಯ ಹಾಗೆ, ಮೊಣಕಾಲು ತಾಗಿ ತಾಗಿ ಬಣ್ಣ ಸವೆದಂತೆ ಕಾಣಬೇಕಂತೆ. ಮಾಮ ತಮಾಷೆ ಅಂದುಕೊಂಡು ನಕ್ಕ. ತಮ್ಮ ನಗಲಿಲ್ಲ. ನಟ್ಟು ಬಿಗಿಯುತ್ತಲೇ, ತಲೆಯೆತ್ತದೆ ಹೇಳಿದ:

"ಆಗಲ್ಲ ಅಂದ್ರೆ ಹೇಳಿಬಿಡಣ್ಣ. ಮುಂದಿನ ಬೀದೀಲಿ ಒಬ್ಬ ಮಾಡ್ತಾನೆ. ಇನ್ಮೇಲೆ ಎಲ್ಲ ಟ್ಯಾಂಕೂ ಅಲ್ಲಿಗೇ ಕಳಿಸ್ತೀನಿ."

ಟ್ಯಾಂಕು ಹೊರಗೆ ಹೋದರೆ ತನಗೆ ಅಲ್ಲಿ ಏನು ಕೆಲಸ? ಮಾಮ ಎರಡು ದಿನ ಯೋಚಿಸಿದ. ಸುಳ್ಳೇ ಹೇಳಬೇಕಾಗಿ ಬಂದರೆ ಅದನ್ನಾದರೂ ನೆಟ್ಟಗೆ ಹೇಳೋಣ ಅನ್ನಿಸಿತು. ಪ್ಯಾಂಟಿನ ಮೊಣಕಾಲಿಗೆ ಸೀಮೆಸುಣ್ಣದ ಪುಡಿ ಬಳಿದುಕೊಂಡು, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿ ಹತ್ತಿ ಕೂತ. ಗೇರು ಹಾಕಿದ, ಬ್ರೇಕು ಒತ್ತಿದ, ಸಿಗ್ನಲ್ ಬಂದಂತೆ ಎಡಗಾಲನ್ನು ನೆಲಕ್ಕೆ ಊರಿದ, ಮತ್ತೆ ಹೊರಟ.

"ಮಾಮ, ಎಲ್ಲೀವರೆಗೆ ಬಂದ್ರಿ? ಬರ್ತಾ ನನಗೂ ಒಂದು ಟೀ ತನ್ನಿ" ಎಂದು ವೆಲ್ಡರು ಕಿಚಾಯಿಸಿದ.

ಮಾಮ ಮಧ್ಯಾಹ್ನದ ತನಕ ಇಳಿಯಲಿಲ್ಲ. ಇಳಿದು ನೋಡಿದರೆ ಟ್ಯಾಂಕಿನ ಮೇಲೆ ಸುಣ್ಣದ ಗುರುತು ಅಂದುಕೊಂಡ ಹಾಗೇ ಬಿದ್ದಿತ್ತು. ನಿಂತಾಗಲೆಲ್ಲ ಎಡಗಾಲು ನೆಲಕ್ಕಿಳಿಯುವುದರಿಂದ ಎಡಗಡೆ ಗುರುತು ತೆಳು. ಬಲಗಡೆ ದಟ್ಟ, ಸ್ವಲ್ಪ ಮೇಲೆ. ಆ ಗುರುತಿನ ಮೇಲೆ ನೀರು ಹಾಕಿ, ನಯವಾದ ಉಪ್ಪುಕಾಗದದಿಂದ ಮೂರು ದಿನ ಉಜ್ಜಿದ. ಬಲಗಡೆ ಹಸಿರು ಮಾಸುತ್ತಾ ಹೋಗಿ ಕೆಳಗಿನ ಕೆಂಪು ಪ್ರೈಮರ್ ಇಣುಕಿತು, ನಟ್ಟನಡುವೆ ಮಾತ್ರ ಬೆರಳಗಲ ತಗಡು. ಎಡಗಡೆ ಹೊಳಪು ಹೋಗಿತ್ತು, ಅಷ್ಟೇ. ಅಲ್ಲಿ ನಿಜವಾಗಿಯೂ ಯಾರೋ ಇಪ್ಪತ್ತು ವರ್ಷ ಕೂತಿದ್ದರು.

ಗಿರಾಕಿ ಬಂದು ಎಡಗಡೆ ನಿಂತು ನೋಡಿದ. ಈ ಕಡೆ ಇನ್ನೂ ಬಾಕಿಯಾ ಎಂದು ಕೇಳಿದ. ಮಾಮ ಎಡಗಾಲು ಎತ್ತಿ ಇಳಿಸಿ ತೋರಿಸುತ್ತಾ ಎಲ್ಲವನ್ನೂ ವಿವರಿಸಿದ. ಗಿರಾಕಿ ಮರ್ಯಾದೆಯಿಂದಲೇ ಕೇಳಿಸಿಕೊಂಡ.

"ಅದೆಲ್ಲ ಸರಿ ಯಜಮಾನ್ರೇ. ಆದ್ರೆ ಫೋಟೋ ತೆಗೆಯೋದು ಎಡಗಡೆಯಿಂದ."

ತಮ್ಮ ತುಕ್ಕು ತೆಗೆಯುವ ಒರಟು ಕಾಗದ ತಂದು ಎಡಗಡೆ ಗರಗರ ಉಜ್ಜಿದ. ಏಳು ಸಲದ ಬಣ್ಣ ಏಳು ನಿಮಿಷವೂ ನಿಲ್ಲಲಿಲ್ಲ. ತಟ್ಟೆಯಗಲ ತಗಡು ಕಂಡಿತು. ಜೋಡಿಯಾಗಲೆಂದು ಬಲಗಡೆಯದನ್ನೂ ಅಷ್ಟೇ ಅಗಲ ಮಾಡಿದ. ಗಿರಾಕಿ ಅದರ ಮೇಲೆ ಕೈಯಾಡಿಸಿ, ಈಗ ನಮ್ಮ ತಾತನ ಗಾಡಿ ಅನ್ನಿಸಿತು ಎಂದ. ಅವನ ತಾತ ಸೈಕಲ್ಲನ್ನಾದರೂ ಹತ್ತಿದ್ದರೋ ಇಲ್ಲವೋ, ಮಾಮ ಕೇಳಲಿಲ್ಲ.

ಗಿರಾಕಿ ಹೋದ ಮೇಲೆ ತಮ್ಮ ಟ್ಯಾಂಕು ಬಿಚ್ಚಿ ತಂದು ಅಣ್ಣನ ಮುಂದಿಟ್ಟ.

"ಉಜ್ಜೋದೆಲ್ಲ ಇನ್ಮೇಲೆ ನಾನೇ ನೋಡ್ಕೋತೀನಿ. ನೀನು ಮೇಲೆ ವಾರ್ನಿಷ್ ಹೊಡಿ, ಸಾಕು."

ಬರೀ ತಗಡಿಗೆ ವಾರ್ನಿಷ್ ಸರಿಯಾಗಿ ಹಿಡಿಯದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು. ಅಂಚಿನಲ್ಲಿ ಒಂದಿಷ್ಟು ಬಿಟ್ಟರೂ ಯಾರಿಗೂ ತಿಳಿಯುವುದಿಲ್ಲ, ಆಮೇಲೆ ಗಿರಾಕಿಯಿಂದ ಬೈಸಿಕೊಳ್ಳುವವನು ತಮ್ಮ. ಮಾಮ ಗನ್ನು ಹಿಡಿದು ಒಂದಷ್ಟು ಹೊತ್ತು ನಿಂತ. ಆಮೇಲೆ ಎಣ್ಣೆ ಕಲೆ ಒರೆಸಿ, ಅಂಚುಗಳಿಗೆ ಮೊದಲು ಹೊಡೆದು, ಒಣಗಿಸಿ, ಮತ್ತೆ ಹೊಡೆದ. ಒಂದು ಕಡೆಯೂ ಬಿಡಲಿಲ್ಲ. ಅವನು ಬಿಡುವುದಿಲ್ಲವೆಂದು ತಮ್ಮನಿಗೆ ಗೊತ್ತಿತ್ತು. ಆ ಧೈರ್ಯದಲ್ಲೇ ನೋಡಲೂ ನಿಲ್ಲದೆ ಊಟಕ್ಕೆ ಹೋಗಿದ್ದ.