ಎರಡು ಬೆರಳು ಹೆಚ್ಚಿನ ಶಾಫ್ಟು

"ಎಂಡ್ತಿನ ಕಾರಲ್ಲಿ ಕೂರ್ಸವ್ನೆ, ಊರ್ ಮಾತ್ರ ತೋರ್ಸ್ನಿಲ್ಲ." ಗೋವಿಂದಯ್ಯನ ಬಗ್ಗೆ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಓಡಾಡುತ್ತಿದ್ದ ಮಾತಿದು. ಎದುರುಮನೆ ಪುಟ್ಟಮಾದಮ್ಮ ಹೇಳಿ ಹೇಳಿ ನಗುತ್ತಿದ್ದಳು.

ನಗುವಂತೆಯೇ ಇತ್ತೆನ್ನಿ. ಮೂವತ್ತು ವರ್ಷ ಅವನಿಂದ ರೇಷ್ಮೆ ಸೀರೆ ನೇಯಿಸಿದ ಸಾಹುಕಾರರು ಅಂಗಡಿ ಮುಚ್ಚುವಾಗ, ತಮ್ಮ ಹಳೆಯ ದೊಡ್ಡ ವಿದೇಶಿ ಕಾರನ್ನು "ನೀನೇ ಇಟ್ಕೊ ಗೋವಿಂದ" ಎಂದು ಕೊಟ್ಟುಬಿಟ್ಟಿದ್ದರು. ಚರ್ಮದ ಸೀಟು, ನುಣುಪು ಮರದ ಅಲಂಕಾರ, ಎಲ್ಲ ಇತ್ತು. ಆಟೋಮ್ಯಾಟಿಕ್ ಗೇರ್‌ಬಾಕ್ಸು ಮಾತ್ರ ಕೆಟ್ಟು ಕೂತಿತ್ತು. ಸರಿಮಾಡುವವರು ಮೈಸೂರಿನಲ್ಲೂ ಸಿಗಲಿಲ್ಲ. ಬಾಡಿಗೆ ಮನೆಯ ಗೇಟಿನೊಳಗೆ ಕಾರು ನಿಂತೇ ಇತ್ತು.

ಸೊಂಟನೋವಿನ ಹೆಂಡತಿ ಯಶೋದಮ್ಮನಿಗೆ ಆ ಸೀಟು ಹಿತವಾಗಿತ್ತು. ಸಂಜೆ ಗಂಡನನ್ನು ಮುಂದೆ ಕೂರಿಸಿ ತಾನು ಹಿಂದೆ ಕೂತು, "ಯಳಂದೂರು ಬಂತಾ, ಡ್ರೈವರಪ್ಪ?" ಎನ್ನುವಳು.

"ಇನ್ನೂ ಮಾಂಬಳ್ಳಿ ಕಣಮ್ಮಿ. ಸುಮ್ಕೆ ಕೂತ್ಕೊ."

ಕಾರು ಒಂದು ಮಾರು ಕದಲುವ ಮೊದಲೇ ಯಶೋದಮ್ಮ ತೀರಿಕೊಂಡಳು. ಮಕ್ಕಳಿರಲಿಲ್ಲ. ವರ್ಷ ತುಂಬುವಷ್ಟರಲ್ಲಿ ಮನೆ ಮಾಲೀಕರು, ಕೆಡವಿ ಕಟ್ಟಿಸಬೇಕು, ತಿಂಗಳೊಳಗೆ ಬಿಡಿ ಎಂದರು. ಯಳಂದೂರಿನಲ್ಲಿ ಪರಿಚಯದವರ ಹಿತ್ತಲಲ್ಲಿ ಅವನಿಗೊಂದು ಕೋಣೆ ಸಿಕ್ಕಿತು. ಗುಜರಿಯವನು ಬಂದು ಕಾರಿಗೆ ಎರಡು ಸುತ್ತು ಹಾಕಿ, "ಇಲ್ಲೇ ಕುಯ್ದು ತಕಂಡೋಯ್ತೀನಿ" ಎಂದ.

ಗೋವಿಂದಯ್ಯ ಅವನನ್ನು ವಾಪಸು ಕಳಿಸಿದ. ಅವಳು ಕೂತೆದ್ದ ಕಾರನ್ನು ಕಣ್ಣೆದುರೇ ತುಂಡು ಮಾಡಿಸುವುದೆ? ಇಲ್ಲ, ಅದು ತನ್ನ ಚಕ್ರದ ಮೇಲೆ ತಾನೇ ಗೇಟು ದಾಟಬೇಕು.

ಹನೂರು ರಸ್ತೆಯ ಮೆಕ್ಯಾನಿಕ್ ಶಿವಶಂಕರ ಕಾರಿನಡಿ ತೂರಿ ಹೊರಬಂದ. "ಈ ಆಟೋಮ್ಯಾಟಿಕ್ ಬಿಸಾಕ್ಬುಡನ ಗೋವಿಂದಣ್ಣ. ಇದೇ ಜಾತಿ ಕಾರಿನ ಕೈಲಿ ಹಾಕೋ ಗೇರ್‌ಬಾಕ್ಸು ಒಂದದೆ, ಕೂರ್ಸ್ತೀನಿ. ಆದ್ರೆ ಕ್ಲಚ್ ತುಳೀಬೇಕಾಯ್ತದೆ, ಆಯ್ತದಾ ಈ ವಯಸ್ಸಲ್ಲಿ?"

"ಮಗ್ಗ ತುಳ್ದಿರೋ ಕಾಲು ಕಣ್ಲಾ. ಸುಮ್ನಿಟ್ರೇನೆ ನೋಯ್ತದೆ." ಸಾಹುಕಾರರ ಜೀಪು ಓಡಿಸಿ ಅವನಿಗೆ ಗೇರಿನ ಅಭ್ಯಾಸವೂ ಇತ್ತು.

ಕೆಲಸ ಶುರುವಾಯಿತು. ಗೇರಿನ ಕೋಲಿಗೆಂದು ಕಾರಿನ ತಳದಲ್ಲಿ ತೂತು ಕೊರೆದರು, ಕ್ಲಚ್ಚಿನ ಪೆಡಲು ಕೂರಿಸಿದರು. ಹೊಸ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಉದ್ದನೆ ಶಾಫ್ಟು ಮಾತ್ರ ಅಳತೆಗೆ ಬರಲಿಲ್ಲ. ಗೋವಿಂದಯ್ಯನೇ ಅಳೆದು, ಹನೂರಿನ ಲೇತ್ ಅಂಗಡಿಯಲ್ಲಿ ಕತ್ತರಿಸಿ, ಬೆಸುಗೆ ಹಾಕಿಸಿ ತಂದ. ಹಾಕಲು ಹೋದರೆ ಹಿಡಿಸಲೊಲ್ಲದು.

"ಎಷ್ಟು ಯೋಳುದ್ರಿ ಲೇತ್‌ನವ್ನಿಗೆ?"

"ಅಳ್ತೆ ಮೇಲೆ ಎರಡು ಬೆರಳು ಎಚ್ಗೆ ಬುಡು ಅಂದೆ."

"ಅದ್ಯಾಕೆ?"

"ಮಗ್ಗಕ್ಕೆ ಹಾಸು ನೂಲು ಬುಡವಾಗ ಅಂಗೇ ಅಲ್ವ್ಲಾ? ನೇಯ್ತಾ ನೇಯ್ತಾ ನೂಲು ಎಳ್ಕಂಡು ಗಿಡ್ಡಾಯ್ತದಲ್ಲ."

ಶಿವಶಂಕರ ಸ್ಪ್ಯಾನರ್ ಕೆಳಗೆ ಹಾಕಿ ನೆಲದ ಮೇಲೇ ಕೂತುಬಿಟ್ಟ. "ಕಬ್ಬುಣ ಎಳ್ಕಳಲ್ಲ ಕಣಣ್ಣೋ! ಕಾರು ಮಾಡ್ತಿದ್ದೀವಾ, ಸೀರೆ ನೇಯ್ತಿದ್ದೀವಾ?"

ಗೋವಿಂದಯ್ಯನಿಗೂ ನಗು ತಡೆಯಲಿಲ್ಲ. ನಗುತ್ತಲೇ, ಕೇಳುದ್ಯಾ ಅಮ್ಮಿ ಎನ್ನುವಂತೆ ಬಾಗಿಲ ಕಡೆ ತಿರುಗಿದ. ಬಾಗಿಲು ತೆರೆದಿತ್ತು, ಒಳಗೆ ಕಟ್ಟಿಟ್ಟ ಗಂಟುಗಳಿದ್ದವು. ನಗು ಅರ್ಧಕ್ಕೇ ನಿಂತಿತು.

ಮನೆ ಬಿಡಲು ಎರಡೇ ದಿನ ಉಳಿದಿತ್ತು. ಮಾರನೆ ಬೆಳಗ್ಗೆ ಶಾಫ್ಟನ್ನು ಗೋಣಿಯಲ್ಲಿ ಸುತ್ತಿ ಹನೂರಿನ ಬಸ್ಸು ಹತ್ತಿದ.

"ಅಜ್ಜೋ, ನಿಮ್ ನೆಂಟರು ಎಲ್ಲಿ ಇಳೀತಾರೆ?" ಎಂದ ಕಂಡಕ್ಟರು.

"ನನ್ ಜೊತೆಗೇ ಬತ್ತಾರೆ ಸಾ."

ಹೆಚ್ಚಿದ್ದ ಆ ಎರಡು ಬೆರಳಷ್ಟು ಕಬ್ಬಿಣ ಕತ್ತರಿಸಿ, ಬೆಸುಗೆ ಹಾಕಿಸಿಕೊಂಡು ಸಂಜೆಗೆ ಮರಳಿದ. ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಶಾಫ್ಟು ಸರಿಯಾಗಿ ಕೂತಿತು. ಎಂಜಿನ್ ಹತ್ತಿಸಿ, ಮೊದಲ ಗೇರಿಗೆ ಹಾಕಿದಾಗ ಕಾರು ಒಂದು ಗೇಣು ಮುಂದೆ ಜರುಗಿತು. "ಬಂತು ಬಂತು!" ಎಂದು ಕೂಗಿದ ಶಿವಶಂಕರ, ಇನ್ನೊಂದು ಗಾಡಿಯವರ ಫೋನು ಬಂದು ಹೊರಟುಹೋದ.

ಗೋವಿಂದಯ್ಯ ಗಂಟುಗಳನ್ನು ಕಾರಿಗೆ ತುಂಬಿದ. ಮನೆ ಗುಡಿಸಿ ಬೀಗ ಹಾಕಿ, ಮಾಲೀಕರು ಹೇಳಿದಂತೆ ಕೀಲಿಯನ್ನು ಕಿಟಕಿಯೊಳಗೆ ಇಟ್ಟ. ಕಾರನ್ನು ಹಿಂದಕ್ಕೆ ತೆಗೆಯಬೇಕಿತ್ತು. ಪುಟ್ಟಮಾದಮ್ಮ ಧನಗೆರೆಯ ಮಗಳ ಮನೆಗೆ ಹೋಗಿದ್ದಳು. ನಿಂತು "ಬರಲಿ, ಬರಲಿ" ಎನ್ನುವವರಿಲ್ಲ. ಹಿಂದಕ್ಕೆ ಒಂದಿಷ್ಟು ಸರಿಸುವನು, ಇಳಿದು ಹೋಗಿ ಗೇಟಿನ ಕಂಬ ನೋಡುವನು, ಮತ್ತೆ ಬಂದು ಕೂರುವನು. ಹಾಗೆ ನಾಲ್ಕು ಸಲ. ಕಂಬಕ್ಕೆ ಸೋಕದಂತೆ ಕಾರು ಬೀದಿಗೆ ಬಂತು.

ಎಂಜಿನ್ನು ನಿಲ್ಲಿಸಲು ಧೈರ್ಯವಾಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಹಾಗೇ ಬಿಟ್ಟು, ವಾಪಸು ನಡೆದು ಹೋಗಿ ತಾನೇ ಗೇಟು ಮುಚ್ಚಿದ. ಬಂದು ಕ್ಲಚ್ಚು ತುಳಿದು, ಯಳಂದೂರಿನ ಕಡೆಗೆ ಹೊರಟ.